ಹಗ್ಗ ಎಳೆದವನನ್ನು ಏನಂತ ಕೇಳುತ್ತಾರೆ?

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರೀಮಾಂಟ್ ಅಂತ ಒಂದು ಊರಿದೆ. ಅಲ್ಲಿ ಜನರಲ್ ಮೋಟರ್ಸ್ ಕಂಪನಿಯ ಕಾರು ಕಾರ್ಖಾನೆ ಇತ್ತು. 1970ರ ದಶಕದ ಹೊತ್ತಿಗೆ ಅದರ ಹೆಸರು ಪೂರ್ತಿ ಕೆಟ್ಟುಹೋಗಿತ್ತು. ನೂರಕ್ಕೆ 20 ಜನ ಕೆಲಸಕ್ಕೇ ಬರುತ್ತಿರಲಿಲ್ಲ. ಸೋಮವಾರವಂತೂ ಕೇಳಲೇಬೇಡಿ. ಕೆಲವು ದಿನ ಮ್ಯಾನೇಜರುಗಳೇ ಎದುರಿನ ಬಾರಿಗೆ ಹೋಗಿ ಜನರನ್ನು ಎಬ್ಬಿಸಿಕೊಂಡು ಬರುತ್ತಿದ್ದರಂತೆ. ಮಾತೆತ್ತಿದರೆ ಮುಷ್ಕರ. ಕಾರಿನ ಬಾಗಿಲೊಳಗೆ ಬೇಕಂತಲೇ ಖಾಲಿ ಕೋಕ್ ಬಾಟಲಿ ಇಟ್ಟು ಮುಚ್ಚಿಬಿಡುವವರೂ ಇದ್ದರು. ಕೊಂಡವನು ಗಾಡಿ ಓಡಿಸುವಾಗ ಒಳಗಿಂದ ಗಡಗಡ ಸದ್ದು. ಎಲ್ಲಿಂದ ಅಂತ ಮಾತ್ರ ಗೊತ್ತಾಗದು. ಸಿಟ್ಟಿದ್ದದ್ದು ಕಂಪನಿಯ ಮೇಲೆ, ಅನುಭವಿಸಿದವನು ಪಾಪ ಗಿರಾಕಿ.

1982ರಲ್ಲಿ ಕಂಪನಿ ಕಾರ್ಖಾನೆಗೆ ಬೀಗ ಹಾಕಿತು. ‘ಆ ಕೆಲಸಗಾರರೇ ಸರಿಯಿಲ್ಲ’ ಅಂದವರೇ ಹೆಚ್ಚು.

ಎರಡು ವರ್ಷ ಕಳೆದು, 1984ರಲ್ಲಿ ಅದೇ ಕಾರ್ಖಾನೆ ಮತ್ತೆ ತೆರೆಯಿತು. ಈ ಸಲ ಜನರಲ್ ಮೋಟರ್ಸ್ ಜೊತೆಗೆ ಜಪಾನಿನ ಟೊಯೋಟಾ ಪಾಲುದಾರ. ಹೊಸ ಹೆಸರು ನುಮ್ಮಿ. ಆಡಳಿತ ಟೊಯೋಟಾದವರದ್ದು. ಕೆಲಸಗಾರರು? ಹೆಚ್ಚಿನವರು ಅದೇ ಹಳಬರು. ಯೂನಿಯನ್ನೂ ಅದೇ. ಒಂದೆರಡು ವರ್ಷದಲ್ಲಿ ಅಲ್ಲಿ ತಯಾರಾದ ಕಾರುಗಳ ಗುಣಮಟ್ಟ ಜಪಾನಿನ ಕಾರುಗಳಿಗೆ ಹತ್ತಿರ ಬಂತು. ಗೈರುಹಾಜರಿ ನೂರಕ್ಕೆ ಎರಡು ಮೂರಕ್ಕೆ ಇಳಿಯಿತು. ಬಾಟಲಿ ಅಡಗಿಸಿಟ್ಟ ಕೈಗಳು ಅವೇ, ಅಲ್ವಾ? ಹಾಗಾದರೆ ಬದಲಾಗಿದ್ದೇನು?

ಅಲ್ಲೊಂದು ಹಗ್ಗ ಇತ್ತು. ನಾನು ಹೇಳಬೇಕಾದ್ದೆಲ್ಲ ಆ ಹಗ್ಗದ ಸುತ್ತಲೇ ಇದೆ.

ಕಾರು ಜೋಡಿಸುವ ಲೈನ್ ನಿಧಾನಕ್ಕೆ ಸಾಗುತ್ತಾ ಇರುತ್ತದೆ. ಒಬ್ಬೊಬ್ಬರ ಮುಂದೆ ಒಂದು ಕಾರು ನಿಲ್ಲುವುದು ನಿಮಿಷದ ಲೆಕ್ಕದಲ್ಲಿ. ಹಳೆಯ ಆಡಳಿತದಲ್ಲಿ ನಿಯಮ ಒಂದೇ: ಏನೇ ಆದರೂ ಲೈನ್ ನಿಲ್ಲಕೂಡದು. ಬೋಲ್ಟ್ ಕೂತಿಲ್ಲವಾ, ಹೋಗಲಿ ಬಿಡು. ಭಾಗ ತಪ್ಪಾಗಿ ಜೋಡಿಸಿದೆಯಾ, ಕೊನೆಗೆ ಅಂಗಳದಲ್ಲಿ ನಿಲ್ಲಿಸಿಕೊಂಡು ರಿಪೇರಿ ಮಾಡೋಣ. ಮ್ಯಾನೇಜರಿಗೆ ಬೇಕಾದದ್ದು ಸಂಜೆಗೆ ಎಷ್ಟು ಕಾರು ಹೊರಬಿತ್ತು ಎಂಬ ಲೆಕ್ಕ.

ಟೊಯೋಟಾದವರು ಲೈನಿನ ಉದ್ದಕ್ಕೂ ಕೈಗೆಟಕುವ ಹಾಗೆ ಒಂದು ಹಗ್ಗ ಕಟ್ಟಿಸಿದರು. ಅದಕ್ಕೆ ಅಂಡಾನ್ ಹಗ್ಗ ಎನ್ನುತ್ತಾರೆ. ಏನಾದರೂ ತಪ್ಪು ಕಂಡರೆ ಯಾರು ಬೇಕಾದರೂ ಎಳೆಯಬಹುದು. ಎಳೆದ ಕೂಡಲೇ ಬೋರ್ಡಿನ ಮೇಲೆ ದೀಪ ಹತ್ತುತ್ತದೆ, ಒಂದು ಸಣ್ಣ ಸಂಗೀತ ಕೇಳಿಸುತ್ತದೆ. ತಂಡದ ನಾಯಕ ಓಡಿ ಬರುತ್ತಾನೆ. ಕಾರು ಆ ಕೆಲಸಗಾರನ ಜಾಗದ ಕೊನೆಯ ಗೆರೆ ದಾಟುವುದರೊಳಗೆ ಸರಿಯಾದರೆ ಇನ್ನೊಮ್ಮೆ ಎಳೆದರಾಯಿತು, ಲೈನ್ ನಿಲ್ಲುವುದೇ ಇಲ್ಲ. ಸರಿಯಾಗದಿದ್ದರೆ ನಿಲ್ಲುತ್ತದೆ.

ಹಗ್ಗ ಯಾರು ಬೇಕಾದರೂ ಕಟ್ಟಿಸಬಹುದು, ಅದೇನು ಮಹಾ. ಅದನ್ನು ಮೊದಲ ಸಲ ಎಳೆದವನನ್ನು ಮೇಲಿನವರು ಹೇಗೆ ನೋಡಿದರು? ಉಳಿದವರೆಲ್ಲ ಕಣ್ಣಿಟ್ಟಿದ್ದು ಅಲ್ಲಿಗೆ. ‘ಯಾರಯ್ಯಾ ಲೈನ್ ನಿಲ್ಲಿಸಿದ್ದು?’ ಅಂತ ಒಂದೇ ಒಂದು ಸಲ ಗದರಿದ್ದರೂ ಸಾಕಿತ್ತು, ಆಮೇಲೆ ಆ ಹಗ್ಗವನ್ನು ಯಾರೂ ಮುಟ್ಟುತ್ತಿರಲಿಲ್ಲ. ನುಮ್ಮಿಯಲ್ಲಿ ಬಂದವರು ಕೇಳಿದ್ದು, ‘ಏನಾಯ್ತು, ನಾನೇನು ಮಾಡಲಿ?’ ಅಂತ. ಇದು ಕಲಿಸಿದ ನಡವಳಿಕೆ. ಕೆಲವು ನೂರು ಜನರನ್ನು ತಂಡ ತಂಡವಾಗಿ ಜಪಾನಿಗೆ ಕಳಿಸಿ, ಅಲ್ಲಿನ ಲೈನಿನಲ್ಲಿ ನಿಲ್ಲಿಸಿ ಕಲಿಸಿದರು. ಕೆಲಸದಲ್ಲಿ ಹಿಂದೆ ಬಿದ್ದಾಗ ಒಬ್ಬ ಮೇಲಿನವನು ಬಂದು ಕೈ ಜೋಡಿಸಿದ್ದನ್ನು ಇವರು ಕಂಡದ್ದೇ ಅಲ್ಲಿ.

ನಾವೆಲ್ಲ ಒಂದೇ ಕುಟುಂಬ ಎನ್ನುವ ಮಾತು ನಮ್ಮ ಆಫೀಸುಗಳ ವಾರ್ಷಿಕೋತ್ಸವದಲ್ಲಿ ತಪ್ಪದೇ ಕೇಳುತ್ತದೆ. ಶಾಲು, ಹಾರ, ಚಪ್ಪಾಳೆ ಎಲ್ಲ ಆಗುತ್ತದೆ. ಮಾರನೇ ದಿನ ‘ಸರ್, ಈ ತಾರೀಖಿಗೆ ಈ ಕೆಲಸ ಮುಗಿಯಲ್ಲ’ ಅಂತ ಒಬ್ಬ ಹುಡುಗಿ ಧೈರ್ಯ ಮಾಡಿ ಹೇಳುತ್ತಾಳೆ. ಸಾಹೇಬರ ಮುಖ ಗಂಟಿಕ್ಕುತ್ತದೆ. ಆ ಕೋಣೆಯಲ್ಲಿದ್ದ ಎಂಟು ಜನರಿಗೂ ಪಾಠ ಆಗಿಹೋಯಿತು. ಗೋಡೆಯ ಮೇಲಿನ ‘ನಮ್ಮ ಮೌಲ್ಯಗಳು’ ಬೋರ್ಡು ಸುಮ್ನೆ ನೇತಾಡುತ್ತಿರುತ್ತದೆ.

ನುಮ್ಮಿಯಲ್ಲಿ ಇನ್ನೂ ಕೆಲವು ಬದಲಾವಣೆ ಆದವು. ಮ್ಯಾನೇಜರುಗಳಿಗೆ ಬೇರೆ ಊಟದ ಮನೆ ಇಲ್ಲ, ಗಾಡಿ ನಿಲ್ಲಿಸಲು ಮೀಸಲು ಜಾಗ ಇಲ್ಲ. ಇವು ಸಣ್ಣವು. ದೊಡ್ಡದು ಒಂದು ಮಾತು: ಕಂಪನಿಯ ಉಳಿವಿಗೇ ಕುತ್ತು ಬರದ ಹೊರತು ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಹಾಗೆ ಬಂದರೂ ಮೊದಲು ಮೇಲಿನವರ ಸಂಬಳ ಕಡಿಮೆಯಾಗುತ್ತದೆ ಅಂತ ಒಪ್ಪಂದದಲ್ಲೇ ಬರೆದರು. ನಂಬಿದವರು ಎಷ್ಟು ಜನವೋ. ಆದರೆ 1988ರಲ್ಲಿ ಪರೀಕ್ಷೆ ಬಂತು. ಅಲ್ಲಿ ತಯಾರಾಗುತ್ತಿದ್ದ ಷೆವರ್ಲೆ ನೋವಾ ಕಾರಿನ ಮಾರಾಟ ಕುಸಿಯಿತು. ಎಲ್ಲರಿಗೂ ಕೊಡುವಷ್ಟು ಕೆಲಸವೇ ಉಳಿಯಲಿಲ್ಲ. ಬೇರೆ ಕಂಪನಿಯಾಗಿದ್ದರೆ ಮರುವಾರವೇ ಚೀಟಿ ಕೈಗೆ ಬರುತ್ತಿತ್ತು. ಇಲ್ಲಿ ಯಾರನ್ನೂ ಕಳಿಸಲಿಲ್ಲ. ಮಿಕ್ಕ ಜನರಿಗೆ ತರಬೇತಿ ಕೊಟ್ಟರು, ಕಾರ್ಖಾನೆಯನ್ನೇ ಸುಧಾರಿಸುವ ಕೆಲಸಕ್ಕೆ ಹಚ್ಚಿದರು. ಕೆಲಸಗಾರರು ಆಡಳಿತವನ್ನು ನಿಜಕ್ಕೂ ನಂಬಿದ್ದು ಆ ವರ್ಷದಲ್ಲೇ ಅಂತ ನನ್ನ ಲೆಕ್ಕ. ಖರ್ಚಿಲ್ಲದಾಗ ಕೊಟ್ಟ ಮಾತು ಎಲ್ಲರೂ ಉಳಿಸಿಕೊಳ್ಳುತ್ತಾರೆ.

ಹಾಗಾದರೆ ಜನರಲ್ ಮೋಟರ್ಸ್ ಉಳಿದ ಕಾರ್ಖಾನೆಗಳಲ್ಲೂ ಇದನ್ನೇ ಮಾಡಬಹುದಿತ್ತಲ್ಲ? ಲಾಸ್ ಏಂಜಲೀಸ್ ಹತ್ತಿರದ ವ್ಯಾನ್ ನೈಸ್‌ನಲ್ಲಿ ಮಾಡಿ ನೋಡಿದರು. ಹಗ್ಗ ಬಂತು, ತಂಡಗಳೂ ಬಂದವು. ಮೇಲಿನವರ ಲೆಕ್ಕ ಮಾತ್ರ ಹಳೆಯದೇ, ಸಂಜೆಗೆ ಎಷ್ಟು ಕಾರು. ಲೈನ್ ನಿಂತರೆ ಮೇಲಿನವರಿಗೆ ಸಿಡುಕು. ಎಳೆಯಬೇಡಿ ಅಂತ ಬಾಯಿಬಿಟ್ಟು ಹೇಳುವುದೇ ಬೇಕಿರಲಿಲ್ಲ, ಎಲ್ಲರಿಗೂ ಅರ್ಥವಾಯಿತು. 1992ರಲ್ಲಿ ಆ ಕಾರ್ಖಾನೆ ಮುಚ್ಚಿತು. ಕಂಪನಿಯ ಒಬ್ಬ ದೊಡ್ಡವರಂತೂ, ನುಮ್ಮಿಯ ಇಂಚಿಂಚೂ ಫೋಟೋ ತೆಗೆದುಕೊಂಡು ಬನ್ನಿ, ನಮ್ಮಲ್ಲೂ ಹಾಗೇ ಕಾಣಬೇಕು ಅಂದಿದ್ದರಂತೆ! ಫೋಟೋದಲ್ಲಿ ಹಗ್ಗ ಬರುತ್ತದೆ. ಎಳೆದವನ ಭಯ ಹೋಗಿದ್ದು ಬರುತ್ತದಾ?

ಇಷ್ಟು ಹೇಳಿ, ಟೊಯೋಟಾದವರ ಹತ್ತಿರ ಏನೋ ಮಂತ್ರ ಇದೆ ಅಂತ ನೀವು ಅಂದುಕೊಂಡರೆ ಕಷ್ಟ. ನಮ್ಮ ಬಿಡದಿಯನ್ನೇ ನೋಡಿ. ಮೈಸೂರು ರಸ್ತೆಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಗೂ ಅದೇ ಜಪಾನಿ ಪದ್ಧತಿ ಬಂತು. ಆದರೂ 2006ರಲ್ಲಿ, 2014ರಲ್ಲಿ, ಮತ್ತೆ 2020ರ ನವೆಂಬರಿನಲ್ಲಿ ಅಲ್ಲಿ ಬಿಕ್ಕಟ್ಟು ಬಂತು, ಲಾಕೌಟ್ ಆಯಿತು. 2020ರಲ್ಲಿ ಕೆಲಸದ ಒತ್ತಡ ಜಾಸ್ತಿ ಆಗಿದೆ ಅಂತ ಕಾರ್ಮಿಕರು, ಶಿಸ್ತು ಮೀರಿದ್ದಾರೆ ಅಂತ ಆಡಳಿತ. ಜಗಳ ತಿಂಗಳುಗಟ್ಟಲೆ ನಡೆಯಿತು. ಯಾರದು ಸರಿ ಅಂತ ಇಲ್ಲಿ ಕೂತು ತೀರ್ಪು ಕೊಡುವುದು ಸುಲಭ, ನಾನು ಕೊಡುವುದಿಲ್ಲ. ಪದ್ಧತಿ ಒಂದೇ ಆದರೂ ಪ್ರತಿ ಊರಿನಲ್ಲಿ, ಪ್ರತಿ ಪಾಳಿಯಲ್ಲಿ ಅದನ್ನು ನಡೆಸುವ ಮನುಷ್ಯರು ಬೇರೆ ಬೇರೆ ಎನ್ನುವಷ್ಟು ಮಾತ್ರ ಹೇಳಬಲ್ಲೆ.

ಫ್ರೀಮಾಂಟ್‌ನ ಕತೆಯೂ ಶುಭಂ ಅಂತ ಮುಗಿಯಲಿಲ್ಲ. 2009ರಲ್ಲಿ ಜನರಲ್ ಮೋಟರ್ಸ್ ದಿವಾಳಿಯಾಗಿ ಪಾಲುದಾರಿಕೆಯಿಂದ ಹೊರಬಂತು. ಒಂಟಿಯಾಗಿ ನಡೆಸಲು ಟೊಯೋಟಾ ಒಪ್ಪಲಿಲ್ಲ. 2010ರ ಏಪ್ರಿಲ್ 1ರಂದು ಕೊನೆಯ ಕಾರು ಹೊರಬಂದು, ಸುಮಾರು 4,700 ಜನ ಕೆಲಸ ಕಳೆದುಕೊಂಡರು. ಅವರ ಕೆಲಸದಲ್ಲಿ ಕೊರತೆ ಇತ್ತು ಅಂತ ಈ ಸಲ ಯಾರೂ ಹೇಳಲಿಲ್ಲ. ಅದೇ ವರ್ಷ ಆ ಕಾರ್ಖಾನೆಯನ್ನು ಟೆಸ್ಲಾ ಕೊಂಡುಕೊಂಡಿತು.

ನಮಸ್ಕಾರ.