ಮೂರು ಬಾತ್‌ರೂಮ್ ಇದ್ದ ನಮ್ಮ ಪುಟ್ಟ ಮನೆ

ನಮಸ್ಕಾರ. ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆಗಿ, ವಾಕರ್ ಹಿಡ್ಕೊಂಡು ಮನೆಗೆ ಬಂದ ದಿನದಿಂದಲೇ, ಸಣ್ಣ ಮನೆಗೆ ಎಷ್ಟು ಬಾತ್‌ರೂಮ್ ಬೇಕು ಅನ್ನೋ ಈ ಮಾತು ಶುರು ಮಾಡ್ತೀನಿ. ನಮ್ಮದು ಎರಡು ಬೆಡ್‌ರೂಮಿನ ಸಣ್ಣ ಮನೆ. ಅದರಲ್ಲಿ ಬಾತ್‌ರೂಮ್ ಮಾತ್ರ ಮೂರು. ಎರಡು ಅಟ್ಯಾಚ್ಡ್, ಒಂದು ಕಾಮನ್. ಕಟ್ಟಿಸುವಾಗ ಅದರ ಬಗ್ಗೆ ನಮಗೆಲ್ಲ ಬಹಳ ಹೆಮ್ಮೆ ಇತ್ತು. ಅವತ್ತು ಅಮ್ಮ ಒಂದಾದ ಮೇಲೊಂದು ಮೂರೂ ಬಾಗಿಲ ಮುಂದೆ ಹೋಗಿ ನಿಂತರು. ಒಂದರೊಳಗೂ ವಾಕರ್ ಹೋಗಲಿಲ್ಲ. 2 ಅಡಿ ಬಾಗಿಲು, ಚೌಕಟ್ಟು ಕಳೆದರೆ ಇನ್ನೂ ಕಡಿಮೆ. ನಾನೂ ತಂಗಿಯೂ ಎರಡೂ ಕಡೆ ಹಿಡ್ಕೊಂಡು ಅವರನ್ನ ಓರೆಯಾಗಿ ಒಳಗೆ ಸೇರಿಸಬೇಕಾಯ್ತು. ಅಮ್ಮ ಏನೂ ಹೇಳಲಿಲ್ಲ. ಆದರೆ ಅವರ ಮುಖ ನೋಡಿದಾಗ ನನಗಾದ ಸಂಕಟ ಇವತ್ತಿಗೂ ಮರೆತಿಲ್ಲ.

ಅವತ್ತಿನಿಂದ ಯಾರೇ ಮನೆ ಪ್ಲಾನ್ ತೋರಿಸಿದರೂ ನಾನು ಮೊದಲು ನೋಡೋದು ಬಾತ್‌ರೂಮನ್ನ. ಹೆಚ್ಚಿನವರು ಲೆಕ್ಕ ಹಾಕೋದು ಹೀಗೆ: ಬೆಡ್‌ರೂಮ್ ಎಷ್ಟೋ ಅಷ್ಟು ಅಟ್ಯಾಚ್ಡ್, ಬರೋ ಹೋಗೋರಿಗೆ ಇನ್ನೊಂದು. ಈ ಲೆಕ್ಕವೇ ತಪ್ಪು ಅಂತ ನನ್ನ ಅಭಿಪ್ರಾಯ. ಕೇಳಬೇಕಾದ್ದು ಬೇರೆ. ಒಂದೇ ಹೊತ್ತಿಗೆ ಎಷ್ಟು ಜನಕ್ಕೆ, ಯಾವ ಕೆಲಸಕ್ಕೆ ಜಾಗ ಬೇಕು?

ಬೆಳಗಿನ ಹೊತ್ತನ್ನೇ ತಗೊಳ್ಳಿ. ಮನೆಯಲ್ಲಿ ನಾಲ್ಕು ಜನ. ಒಬ್ಬೊಬ್ಬರಿಗೆ ಸ್ನಾನಕ್ಕೆ 15 ನಿಮಿಷ, ಟಾಯ್ಲೆಟ್‌ಗೆ 10, ಹಲ್ಲುಜ್ಜಿ ಮುಖ ತೊಳೆಯೋಕೆ 5 ಅಂದುಕೊಳ್ಳೋಣ. ಮೂರೂ ಕೆಲಸ ಒಂದೇ ಕೋಣೆಯಲ್ಲಿ, ಒಂದೇ ಚಿಲಕದ ಹಿಂದೆ ಆಗಬೇಕು ಅಂದರೆ ನಾಲ್ವರಿಗೆ 2 ಗಂಟೆ. ಅದಕ್ಕೇ ಜಗಳ, ಅದಕ್ಕೇ ಬಾಗಿಲು ಬಡಿಯೋದು. ಈಗ ಬೇಸಿನ್ ಅನ್ನ ಹೊರಗೆ ಪ್ಯಾಸೇಜಿಗೆ ತನ್ನಿ. ಟಾಯ್ಲೆಟ್‌ಗೆ ಬೇರೆ ಬಾಗಿಲು ಇಡಿ. ಒಬ್ಬರು ಸ್ನಾನ ಮಾಡ್ತಿರುವಾಗಲೇ ಇನ್ನೊಬ್ಬರು ಟಾಯ್ಲೆಟ್‌ಗೆ ಹೋಗ್ತಾರೆ, ಮತ್ತೊಬ್ಬರು ಹಲ್ಲುಜ್ಜುತ್ತಾರೆ. ಎಲ್ಲರದೂ ಒಂದೂಕಾಲು ಗಂಟೆಯೊಳಗೆ ಮುಗಿಯುತ್ತೆ. ಅಷ್ಟೂ ಹೊತ್ತು ಹಿಡಿಯೋದು ಸ್ನಾನಕ್ಕೆ, ಉಳಿದದ್ದೆಲ್ಲ ಅದರ ಜೊತೆಜೊತೆಗೇ ಆಗಿಹೋಗಿರುತ್ತೆ. ಜಪಾನಿನ ಮನೆಗಳಲ್ಲಿ ಜಾಗ ಎಷ್ಟು ಕಡಿಮೆ ಅಂತ ನಿಮಗೆ ಗೊತ್ತು. ಅಲ್ಲಿ ಟಾಯ್ಲೆಟ್, ಮುಖ ತೊಳೆಯೋ ಜಾಗ, ಸ್ನಾನದ ಕೋಣೆ ಮೂರನ್ನೂ ಬೇರೆ ಬೇರೆ ಮಾಡೋದು ಸಾಮಾನ್ಯ.

ಹಾಗಾಗಿ ಮೂರು-ನಾಲ್ಕು ಜನರ ಸಣ್ಣ ಮನೆಗೆ ನಾನು ಹೇಳೋದು ಇಷ್ಟು: ಸ್ನಾನದ ಜಾಗ ಒಂದು, ಕಮೋಡ್ ಎರಡು. ಒಂದು ಕಮೋಡ್ ದೊಡ್ಡ ಬಾತ್‌ರೂಮಿನಲ್ಲೇ ಇರಲಿ, ಇನ್ನೊಂದು ಪುಟ್ಟದಾಗಿ ಪ್ರತ್ಯೇಕವಾಗಿ ಇರಲಿ. ಕಮೋಡ್ ಯಾಕೆ ಎರಡು? ಸ್ನಾನ ಕಾಯುತ್ತೆ, ಹೊಟ್ಟೆ ಕಾಯಲ್ಲ. ಮನೆಯಲ್ಲಿ ಇಬ್ಬರಿಗೆ ಒಟ್ಟಿಗೆ ವಾಂತಿ-ಭೇದಿ ಆದ ರಾತ್ರಿ ನೆನಪಿರುವವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಒಬ್ಬರೋ ಇಬ್ಬರೋ ಇರೋ ಮನೆಗಾದರೆ ಒಂದೇ ಸಾಕು. ಆದರೆ ಅದರ ಬಾಗಿಲು ಬೆಡ್‌ರೂಮಿನೊಳಗೆ ಬೇಡ, ಪ್ಯಾಸೇಜಿಗೆ ತೆರೆಯಲಿ. ಮನೆಗೆ ಬಂದವರು ನಿಮ್ಮ ಮಂಚದ ಪಕ್ಕ ಹಾದು ಟಾಯ್ಲೆಟ್‌ಗೆ ಹೋಗೋದು ಅವರಿಗೂ ಮುಜುಗರ, ನಿಮಗೂ ಮುಜುಗರ.

ಜಾಗದ ಲೆಕ್ಕ ನೋಡಿ. 5 ಅಡಿಗೆ 8 ಅಡಿ ಬಾತ್‌ರೂಮ್ ಅಂದರೆ 40 ಚದರ ಅಡಿ. ಮೂರಾದರೆ 120. ಮನೆ 600 ಚದರ ಅಡಿ ಇದ್ದರೆ ಐದರಲ್ಲಿ ಒಂದು ಪಾಲು ಅಲ್ಲೇ ಹೋಯ್ತು, ಗೋಡೆಗಳ ದಪ್ಪ ಬೇರೆ. ಅದೇ 40ರ ಒಂದು ಬಾತ್‌ರೂಮ್, ಮೂರೂವರೆಗೆ ಐದು ಅಡಿಯ ಒಂದು ಟಾಯ್ಲೆಟ್ ಮಾಡಿದರೆ 60 ಚದರ ಅಡಿ ಕೂಡ ತುಂಬಲ್ಲ. ಅಷ್ಟೇ ಜಾಗ ಉಳಿಯುತ್ತೆ. ಮಗು ಓದೋಕೆ ಒಂದು ಮೂಲೆ, ಗಾಳಿ ಬರೋ ಒಂದು ಕಿಟಕಿ, ಎರಡು ಕಪಾಟು. ದಿನಕ್ಕೆ ಅರ್ಧ ಗಂಟೆ ಬಳಸೋ ಕೋಣೆಗಿಂತ ಇದು ದೊಡ್ಡದಲ್ವಾ?

ಹೆಚ್ಚಿಗೆ ಕಟ್ಟಿಸಿದ ಬಾತ್‌ರೂಮ್ ಸುಮ್ಮನೆ ಇರಲ್ಲ. ಮನೆಯಲ್ಲಿ ನೀರು ಸೋರೋದು, ಗೋಡೆ ತೇವ ಹಿಡಿಯೋದು ಬಹುಪಾಲು ಇಲ್ಲಿಂದಲೇ. ಬಳಸದೇ ಬಿಟ್ಟರೂ ತಾಪತ್ರಯ. ನೆಲದ ಜಾಲರಿ ಕೆಳಗಿನ ಟ್ರ್ಯಾಪ್‌ನಲ್ಲಿ ಸುಮಾರು 2 ಇಂಚು ನೀರು ನಿಂತಿರುತ್ತೆ. ಪೈಪಿನ ದುರ್ವಾಸನೆ ಮೇಲೆ ಬಾರದ ಹಾಗೆ ತಡೆಯೋದು ಆ ನೀರೇ. ಕೆಲವು ವಾರ ಯಾರೂ ಬಳಸದಿದ್ದರೆ ಅದು ಆರಿಹೋಗುತ್ತೆ, ವಾಸನೆ ನೇರ ಮನೆಯೊಳಗೆ. ಅದಕ್ಕೇ ಬಳಸದ ಬಾತ್‌ರೂಮಿಗೂ ವಾರಕ್ಕೊಂದು ಬಕೆಟ್ ನೀರು ಸುರಿಯಬೇಕು. ಮತ್ತೆ ತೊಳೆಯೋ ಕೆಲಸ. ಇದನ್ನ ಸ್ವಲ್ಪ ಗಟ್ಟಿಯಾಗಿಯೇ ಹೇಳ್ತೀನಿ: ಅಟ್ಯಾಚ್ಡ್ ಬೇಕೇ ಬೇಕು ಅಂತ ಹಟ ಹಿಡಿಯುವವರು ಎಷ್ಟೋ ಮನೆಗಳಲ್ಲಿ ಅದನ್ನ ಉಜ್ಜಿ ತೊಳೆಯುವವರಲ್ಲ. ತೊಳೆಯೋರನ್ನ ಕೇಳಿ ಸಂಖ್ಯೆ ತೀರ್ಮಾನ ಮಾಡಿ.

ಎರಡನೇ ಸ್ನಾನದ ಜಾಗ ಬೇಡವೇ ಬೇಡ ಅಂತಲ್ಲ. ಐದಾರು ಜನ ಇದ್ದು ಎಲ್ಲರೂ ಒಂದೇ ಹೊತ್ತಿಗೆ ಹೊರಡಬೇಕಾದರೆ, ಒಂದು ಕೋಣೆ ಬಾಡಿಗೆಗೆ ಕೊಡೋದಾದರೆ, ಖಂಡಿತ ಬೇಕು. ಆಗ ಎರಡೂ ಬಾತ್‌ರೂಮಿಗೆ ಒಂದೇ ಗೋಡೆ ಬರೋ ಹಾಗೆ ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿಸಿ. ಪೈಪು ಕಡಿಮೆ, ರಿಪೇರಿ ಸುಲಭ. ಗೀಸರ್‌ನಿಂದ ನಲ್ಲಿ ದೂರ ಇದ್ದಷ್ಟೂ ಬಿಸಿನೀರು ಬರೋವರೆಗೆ ತಣ್ಣೀರು ಸುಮ್ಮನೆ ಹರಿದುಹೋಗುತ್ತೆ, ಅದೂ ಉಳಿಯುತ್ತೆ.

ಆದರೆ ಒಂದೇ ಇರಲಿ, ಎರಡಿರಲಿ, ಒಂದಾದರೂ ವಿಶಾಲವಾಗಿರಲಿ. ಬಾಗಿಲು 3 ಅಡಿ. ಹೊಸ್ತಿಲಿನ ಎತ್ತರ ಬೇಡ, ನೆಲದ ಇಳಿಜಾರಿನಿಂದಲೇ ನೀರು ತಡೆಯಬಹುದು. ಬಾಗಿಲು ಹೊರಕ್ಕೆ ತೆರೆಯಲಿ, ಇಲ್ಲವೇ ಪಕ್ಕಕ್ಕೆ ಜಾರಲಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡ ಬಿದ್ದಿದ್ದರೆ, ಒಳಕ್ಕೆ ತೆರೆಯೋ ಬಾಗಿಲನ್ನ ಹೊರಗಿನಿಂದ ತಳ್ಳೋಕೆ ಆಗಲ್ಲ. ವೀಲ್‌ಚೇರ್ ಪೂರ್ತಿ ತಿರುಗೋಕೆ ಸುಮಾರು 5 ಅಡಿ ವ್ಯಾಸದ ಜಾಗ ಬೇಕು, ಅದು ಸಿಗುತ್ತಾ ಅಂತ ಪ್ಲಾನ್ ಮೇಲೆ ಒಂದು ವೃತ್ತ ಬರೆದು ನೋಡಿ.

ನಮ್ಮ ಮನೆಯ ಎರಡು ಅಟ್ಯಾಚ್ಡ್ ಬಾತ್‌ರೂಮ್ ಅಕ್ಕಪಕ್ಕದಲ್ಲೇ ಇದ್ದವು. ನಡುವಿನ ಗೋಡೆ ಒಡೆಸಿ ಒಂದು ಮಾಡಿದ್ವಿ, ಬಾಗಿಲನ್ನ ಪ್ಯಾಸೇಜಿಗೆ ತಿರುಗಿಸಿದ್ವಿ. ಕಾಮನ್ ಬಾತ್‌ರೂಮ್ ಈಗ ಬರೀ ಟಾಯ್ಲೆಟ್. ಅಮ್ಮ ಗೋಡೆಯ ಹಿಡಿ ಹಿಡ್ಕೊಂಡು, ಯಾರನ್ನೂ ಕರೆಯದೆ, ತಾವೇ ಹೋಗಿ ಚಿಲಕ ಹಾಕ್ಕೊಳ್ತಾರೆ.