ಮುಚ್ಚಳ ಬಿಚ್ಚದೆ ಹಳೆ ಆಂಪ್ ಹೊಗಳಬೇಡಿ

ನಮಸ್ಕಾರ ಸ್ನೇಹಿತರೇ. ಇವತ್ತು ಫೋನೋ ಸ್ಟೇಜ್, ಅಂದರೆ ರೆಕಾರ್ಡ್ ಪ್ಲೇಯರ್‌ನ ಸಣ್ಣ ಸಿಗ್ನಲ್ ಹಿಗ್ಗಿಸುವ ಭಾಗದ ಬಗ್ಗೆ ಮಾತಾಡೋಣ ಅಂತ ಎಲ್ಲಾ ಬರೆದಿಟ್ಟುಕೊಂಡಿದ್ದೆ. ಅದು ಮುಂದಿನ ವಾರಕ್ಕಿರಲಿ. ನಿನ್ನೆ ರಾತ್ರಿ ಹಳೆಯ ವಿಡಿಯೋ ಕೆಳಗೆ ಒಬ್ಬರು ಆಂಪ್, ಅಂದರೆ ಸ್ಪೀಕರ್ ಓಡಿಸುವ ಆಂಪ್ಲಿಫೈಯರ್ ಬಗ್ಗೆ ಹೀಗೆ ಬರೆದಿದ್ದಾರೆ, ಓದುತ್ತೇನೆ ಕೇಳಿ. "ಹೊಸ ಆಂಪ್‌ಗಳಿಗೆ ಜೀವವೇ ಇಲ್ಲ ಸರ್. ನನ್ನ ಹತ್ತಿರ 1978ರ ರಿಸೀವರ್ ಇದೆ. ಇವತ್ತಿನವರೆಗೂ ಅದರ ಮುಚ್ಚಳ ಬಿಚ್ಚಿಲ್ಲ. ಆ ವಾರ್ಮ್ ಸೌಂಡ್ ನಿಮಗೆ ಅರ್ಥ ಆಗಲ್ಲ."

ರಿಸೀವರ್ ಅಂದರೆ ರೇಡಿಯೋ ಕೂಡ ಒಳಗಿರುವ ಆಂಪ್, ವಾರ್ಮ್ ಸೌಂಡ್ ಅಂದರೆ ತುಂಬಿದ, ಬೆಚ್ಚನೆಯ ದನಿ. ಮೊದಲ ಮಾತು, ಕೊನೆಯ ಮಾತು ಎರಡನ್ನೂ ಸದ್ಯಕ್ಕೆ ಬಿಟ್ಟುಬಿಡುತ್ತೇನೆ. ನಡುವಿನದ್ದೇ ನನ್ನ ನಿದ್ದೆ ಕೆಡಿಸಿತು. ಇವತ್ತಿನವರೆಗೂ ಮುಚ್ಚಳ ಬಿಚ್ಚಿಲ್ಲ! ಅದನ್ನು ಹೆಮ್ಮೆಯಿಂದ ಹೇಳುತ್ತಾರಲ್ಲ!

ನನ್ನ ಮಾತು ಇಷ್ಟೇ. ಒಳಗೆ ಕೆಲಸ ಆಗದ ಹಳೆ ಆಂಪ್‌ಗಿಂತ ಒಂದು ಸಾದಾ ಹೊಸ ಆಂಪ್ ಎಷ್ಟೋ ಮೇಲು. ಹಳೆಯದೇ ಬೇಕಾ? ಮೊದಲು ಗೊತ್ತಿರುವವರ ಕೈಯಲ್ಲಿ ಮುಚ್ಚಳ ಬಿಚ್ಚಿಸಿ. ಹೊಗಳುವುದೆಲ್ಲ ಆಮೇಲೆ.

ನನಗೆ ಹಳೆಯದು ಕಂಡರೆ ಆಗಲ್ಲ ಅಂದುಕೊಳ್ಳಬೇಡಿ. ನನ್ನ ಬೆನ್ನ ಹಿಂದಿನ ಕಪಾಟು ನೋಡಿ, ಐದು ಹಳೆ ಆಂಪ್ ಇವೆ. ಆ ಕಾಲದ ಎಂಜಿನಿಯರ್‌ಗಳ ಮೇಲೆ ನನಗೆ ತುಂಬಾ ಗೌರವ. ಪಯೋನೀರ್ ಎಸ್‌ಎಕ್ಸ್-1980 ಅನ್ನುವ ರಿಸೀವರ್ ಬಂದದ್ದು 1978ರಲ್ಲಿ. ಚಾನೆಲ್‌ಗೆ 270 ವ್ಯಾಟ್, ತೂಕ ಸುಮಾರು 35 ಕಿಲೋ. ಅದೇ ವರ್ಷ ನ್ಯಾಡ್ 3020 ಅನ್ನುವ ಆಂಪ್ ಬಂತು. ಕಾಗದದ ಮೇಲೆ ಬರೀ 20 ವ್ಯಾಟ್, ಆದರೂ ದೊಡ್ಡ ದೊಡ್ಡ ಸ್ಪೀಕರ್‌ಗಳನ್ನು ಸಲೀಸಾಗಿ ಎಳೆಯುತ್ತಿತ್ತು. ಮಾಡಿದವರ ಕೈಗೆ ನಮಸ್ಕಾರ. ಆದರೆ ಅವರು ಪೆಟ್ಟಿಗೆಗೆ ಹಾಕಿ ಕಳಿಸಿದ ಆಂಪ್ ಈಗ ನಿಮ್ಮ ಮನೆಯಲ್ಲಿಲ್ಲ. ಅದಕ್ಕೆ ವಯಸ್ಸಾಗಿದೆ. ಒಳಗಿನ ಒಂದೊಂದು ಬಿಡಿಭಾಗಕ್ಕೂ ವಯಸ್ಸಾಗಿದೆ.

ಮುಖ್ಯವಾಗಿ ಕೆಪಾಸಿಟರ್. ಹಳೆಯ ಮೆಕ್ಯಾನಿಕ್‌ಗಳು ಕಂಡೆನ್ಸರ್ ಅನ್ನುತ್ತಾರಲ್ಲ, ಚಾರ್ಜ್ ಹಿಡಿದಿಡುವ ಬಿಡಿಭಾಗ, ಅದೇ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೆ ಒಂದು ದ್ರವ ಇರುತ್ತದೆ. ವರ್ಷ ಕಳೆದ ಹಾಗೆ ಅದು ಒಣಗುತ್ತದೆ, ಕೆಲವು ಸಲ ಸೋರುತ್ತದೆ. ಸಾಮಾನ್ಯ ಕೆಪಾಸಿಟರ್‌ಗೆ 85 ಡಿಗ್ರಿ ಬಿಸಿಯಲ್ಲಿ 2,000 ಗಂಟೆ ಆಯಸ್ಸು ಅಂತ ಲೆಕ್ಕ. ಬಿಸಿ 10 ಡಿಗ್ರಿ ಇಳಿದರೆ ಆಯಸ್ಸು ಎರಡು ಪಟ್ಟು. ಆಂಪ್ ಒಳಗೆ 45 ಡಿಗ್ರಿ ಅಂತ ಇಟ್ಟುಕೊಳ್ಳಿ. 2,000 ಹೋಗಿ 32,000 ಗಂಟೆ ಆಯಿತು. ದಿನಕ್ಕೆ 3 ಗಂಟೆ ಹಾಡು ಕೇಳಿದರೆ ಸುಮಾರು 29 ವರ್ಷ. ಅಂದಾಜು ಲೆಕ್ಕವೇ, ಒಪ್ಪುತ್ತೇನೆ. ಈಗ 1978ಕ್ಕೆ 29 ಕೂಡಿಸಿ. 2007! ಅದು ದಾಟಿ ಎಷ್ಟು ವರ್ಷ ಆಯಿತು?

ಒಣಗಿದ ಮೇಲೆ ಏನಾಗುತ್ತದೆ? ಪವರ್ ಸಪ್ಲೈ ಕೆಪಾಸಿಟರ್ ಸೋತರೆ ಹಿಂದಿನಿಂದ ಗುಂಯ್ ಅನ್ನುವ ಶಬ್ದ. ಸಿಗ್ನಲ್ ದಾರಿಯಲ್ಲಿರುವುದು ಸೋತರೆ ಬೇಸ್ ಕಡಿಮೆ. ಎಡಕ್ಕೊಂದು ಥರ, ಬಲಕ್ಕೊಂದು ಥರ. ಇದೆಲ್ಲ ಒಂದೇ ದಿನ ಆಗುವುದಿಲ್ಲ. ಚೂರು ಚೂರೇ ಆಗುತ್ತದೆ, ಕಿವಿಯೂ ಜೊತೆಜೊತೆಗೆ ಒಗ್ಗಿಕೊಳ್ಳುತ್ತದೆ. ಹಾಗಾಗಿ "ಹಾಗೇ ಹಾಡುತ್ತಿದೆ" ಅನಿಸುವುದು. ಹಾಗೇ ಹಾಡುತ್ತಿಲ್ಲ ಸ್ವಾಮಿ! ಮುಚ್ಚಳ ಬಿಚ್ಚಿ ನೋಡಿ!

ನನಗೇ ಆದದ್ದನ್ನು ಹೇಳುತ್ತೇನೆ. 70ರ ದಶಕದ ಒಂದು ರಿಸೀವರ್ ತಂದಿದ್ದೆ. ಕಂಪನಿ ಹೆಸರು ಬೇಡ, ಮಾರಿದವರ ಹೆಸರೂ ಬೇಡ. "ಫುಲ್ ಸರ್ವಿಸ್ ಆಗಿದೆ" ಅಂದರು. ನಂಬಿದೆ. ಮೂರು ತಿಂಗಳು ಚೆನ್ನಾಗಿ ಹಾಡಿತು. ಒಂದು ಸಂಜೆ ಎಡಗಡೆಯಿಂದ ಡಬ್ ಅಂತ ಶಬ್ದ ಬಂತು. ಬೇಸ್ ನುಡಿಸುವ ವೂಫರ್‌ನ ಕೋನ್ ಮುಂದಕ್ಕೆ ಬಂದದ್ದು ಅಲ್ಲೇ ನಿಂತಿತು. ನಾನು ಎದ್ದು ಪ್ಲಗ್ ಕೀಳುವಷ್ಟರಲ್ಲಿ ಸುಟ್ಟ ವಾಸನೆ. ಸ್ಪೀಕರ್‌ಗೆ ಪವರ್ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಒಳಗಿನ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟ್, ಪೂರ್ತಿ ಸ್ಪೀಕರ್‌ಗೆ ಹೋಗಿತ್ತು. ಇಂಥ ಹೊತ್ತಲ್ಲಿ ಸ್ಪೀಕರ್ ಸಂಪರ್ಕ ಕಡಿದು ಕಾಪಾಡಬೇಕಾದ ರಿಲೇ ಅನ್ನುವ ಸ್ವಿಚ್‌ನ ಕಾಂಟ್ಯಾಕ್ಟ್‌ಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಆ ಸ್ಪೀಕರ್ ನಮ್ಮಪ್ಪ ತಂದದ್ದು. ಆ ವೂಫರ್ ಈಗ ಎಲ್ಲೂ ಸಿಗುವುದಿಲ್ಲ.

ಟೆಕ್ನಿಷಿಯನ್ ಮುಚ್ಚಳ ಬಿಚ್ಚಿದಾಗ ಕಾರಣ ಕಂಡಿತು. ಬಯಾಸ್, ಅಂದರೆ ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ನಲ್ಲಿ ಹರಿಯುವ ಕರೆಂಟ್ ಹೊಂದಿಸುವ ಒಂದು ಪುಟ್ಟ ತಿರುಪು ಇರುತ್ತದೆ, ಟ್ರಿಮ್‌ಪಾಟ್ ಅನ್ನುತ್ತಾರೆ. ಅದು ಕಿಲುಬು ಹಿಡಿದಿತ್ತು. ಅದರ ಕಾಂಟ್ಯಾಕ್ಟ್ ತಪ್ಪಿದರೆ ಎಷ್ಟೋ ಸರ್ಕ್ಯೂಟ್‌ಗಳಲ್ಲಿ ಕರೆಂಟ್ ಒಮ್ಮೆಗೇ ಏರುತ್ತದೆ. ಕರೆಂಟ್ ಏರಿದರೆ ಬಿಸಿ, ಬಿಸಿಯಾದರೆ ಇನ್ನೂ ಕರೆಂಟ್. ಆಮೇಲೆ ಹೊಗೆ. ಆ "ಫುಲ್ ಸರ್ವಿಸ್" ಏನು ಗೊತ್ತಾ? ಧೂಳು ಊದಿ, ವಾಲ್ಯೂಮ್ ನಾಬ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮುಂದಿನ ಅಲ್ಯುಮಿನಿಯಂ ಪಟ್ಟಿಗೆ ಪಾಲಿಶ್. ಮೇಲೆ ಥಳಕು, ಒಳಗೆ ಹುಳುಕು.

ಅವತ್ತಿನಿಂದ ಈ ವಿಷಯದಲ್ಲಿ ನನಗೆ ತಾಳ್ಮೆ ಇಲ್ಲ. ಈ ಕಥೆ ಪೂರ್ತಿಯಾಗಿ ಬೇರೆ ವಿಡಿಯೋದಲ್ಲಿದೆ, ಸುಟ್ಟ ಬೋರ್ಡ್ ಕೂಡ ತೋರಿಸಿದ್ದೇನೆ. ನೋಡಿ, ಇಷ್ಟವಾದರೆ ಸಬ್‌ಸ್ಕ್ರೈಬ್ ಮಾಡಿ. ಈ ಚಾನೆಲ್ ನಡೆಯುವುದೇ ನಿಮ್ಮಿಂದ.

ಈಗ ವಾರ್ಮ್ ಸೌಂಡ್‌ಗೆ ಬರೋಣ. ನನ್ನ ಗೆಳೆಯನೊಬ್ಬ ಇದನ್ನು ಕೇಳಿಸುತ್ತೇನೆ ಬಾ ಅಂತ ಮನೆಗೆ ಕರೆದ. ಕೂತೆ, ಕೇಳಿದೆ. ನಿಜಕ್ಕೂ ತುಂಬಿದ ದನಿ, ಬೇಸ್ ದಂಡಿಯಾಗಿತ್ತು. ಎದ್ದು ಹೋಗಿ ನೋಡಿದರೆ ಲೌಡ್‌ನೆಸ್ ಬಟನ್ ಒತ್ತಿದೆ! ಅದನ್ನು ಬಿಟ್ಟೆ. ವಾರ್ಮ್ ಮಾಯ. ಅವನ ಮುಖ ನೋಡಬೇಕಿತ್ತು. ಸಣ್ಣ ದನಿಯಲ್ಲಿ ಕೇಳುವಾಗ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತದೆ. ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಆ ಕೊರತೆ ತುಂಬಲು ಹಳೆ ಆಂಪ್‌ಗಳಲ್ಲಿ ಲೌಡ್‌ನೆಸ್ ಬಟನ್ ಕೊಟ್ಟರು. ಒಳ್ಳೆಯ ಬಟನ್, ನನಗೂ ಇಷ್ಟ. ಆದರೆ ಅದು ಬಟನ್ ಮಾಡಿದ ಕೆಲಸ, ವರ್ಷ ಮಾಡಿದ್ದಲ್ಲ. ಹೊಸ ಆಂಪ್‌ನಲ್ಲಿ ಟೋನ್ ಕಂಟ್ರೋಲ್ ಇದ್ದರೆ ಬೇಸ್ ಸ್ವಲ್ಪ ಏರಿಸಿ, ಬಂತಲ್ಲ ವಾರ್ಮ್!

ಹೋಲಿಸುವಾಗ ಇನ್ನೊಂದು. ಎರಡು ಆಂಪ್‌ಗಳ ದನಿ ಸರಿಸಮ ಮಾಡದೆ ಕೇಳಿದರೆ, ಚೂರು ಜೋರಾಗಿರುವುದೇ ಚೆನ್ನಾಗಿದೆ ಅನಿಸುತ್ತದೆ. ಮೀಟರ್ ಇಟ್ಟು ಸರಿಮಾಡಿ ಕೇಳಿ, ಆಮೇಲೆ ಜೀವ ಇದೆಯೋ ಇಲ್ಲವೋ ಮಾತಾಡೋಣ.

"ಆಗಿನದ್ದು ಎಷ್ಟು ತೂಕ ನೋಡಿ, ಈಗಿನದ್ದು ಡಬ್ಬಿ." ಇದು ಪ್ರತಿ ವಾರ ಬರುತ್ತದೆ. ತೂಕ ಯಾಕೆ ಬಂತು? 1974ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ನಿಯಮ ತಂದಿತು. ಅದಕ್ಕೆ ಮುಂಚೆ ಕಂಪನಿಗಳು ಬಾಯಿಗೆ ಬಂದಷ್ಟು ವ್ಯಾಟ್ ಬರೆದುಕೊಳ್ಳುತ್ತಿದ್ದವು. ನಿಯಮ ಬಂದ ಮೇಲೆ, ಅಳೆಯುವ ಮೊದಲು ಆಂಪ್ ಅನ್ನು ಮೂರನೇ ಒಂದು ಭಾಗ ಪವರ್‌ನಲ್ಲಿ ಒಂದು ಗಂಟೆ ಓಡಿಸಬೇಕಾಯಿತು. ಆ ಕಾಲದ ಸಾಮಾನ್ಯ ಬಗೆಯಾದ ಕ್ಲಾಸ್ ಎಬಿ ಆಂಪ್ ಅಲ್ಲೇ ವಿಪರೀತ ಬಿಸಿಯಾಗುವುದು. ಅದಕ್ಕೇ ಬಿಸಿ ಹೊರಹಾಕುವ ದೊಡ್ಡ ದೊಡ್ಡ ಲೋಹದ ಹೀಟ್‌ಸಿಂಕ್ ಬೇಕಾಯಿತು. ಈಗಿನ ಕ್ಲಾಸ್ ಡಿ ಆಂಪ್, ಅಂದರೆ ಟ್ರಾನ್ಸಿಸ್ಟರ್ ಪಟಪಟ ಆನ್-ಆಫ್ ಆಗಿ ಕೆಲಸ ಮಾಡುವ ಬಗೆ, ಸುಮಾರು 90 ಶೇಕಡಾ ಪವರ್ ಅನ್ನು ಸ್ಪೀಕರ್‌ಗೇ ಕೊಡುತ್ತದೆ. ಬಿಸಿ ಅಷ್ಟಿಲ್ಲದಾಗ ಅಷ್ಟು ಲೋಹ ಯಾಕೆ? ತೂಕ ನೋಡಿ ಕೊಳ್ಳುವವರು ತಕ್ಕಡಿ ಕೊಳ್ಳಲಿ. ಇನ್ನು ವ್ಯಾಟ್ ವಿಷಯ: 135 ವ್ಯಾಟ್‌ಗೂ 270 ವ್ಯಾಟ್‌ಗೂ ನಡುವೆ ಇರುವುದು 3 ಡೆಸಿಬಲ್, ಕಿವಿಗೆ ಸ್ವಲ್ಪವೇ ಜೋರು. ಮನೆಯಲ್ಲಿ ನಾವು ಕೇಳುವುದು ಹೆಚ್ಚಿನ ಹೊತ್ತು ಒಂದೆರಡು ವ್ಯಾಟ್‌ನಲ್ಲಿ. ಸಾಕು ಇದು.

"ಹೊಸದು ಕೆಟ್ಟರೆ ರಿಪೇರಿ ಆಗಲ್ಲ, ಅದನ್ನು ಓಡಿಸುವ ಫೋನ್ ಆ್ಯಪ್ ನಿಂತುಹೋದರೆ ಮುಗಿಯಿತು." ಇದೂ ಬರುತ್ತಿರುತ್ತದೆ. ಹಾಗಾದರೆ ಆ್ಯಪ್ ಇಲ್ಲದ್ದನ್ನು ಕೊಳ್ಳಿ! ನಾಲ್ಕು ಇನ್‌ಪುಟ್, ಒಂದು ವಾಲ್ಯೂಮ್ ನಾಬ್ ಇರುವ ಸಾದಾ ಇಂಟಿಗ್ರೇಟೆಡ್ ಆಂಪ್‌ಗಳು ಈಗಲೂ ಬರುತ್ತಿವೆ. ನಿಮ್ಮ ಹಳೆಯದಕ್ಕೆ ಬಿಡಿಭಾಗ ಸಿಗುತ್ತದೆ ಅಂತ ಯಾರು ಹೇಳಿದರು? ಆ ಕಾಲದ ಔಟ್‌ಪುಟ್ ಟ್ರಾನ್ಸಿಸ್ಟರ್ ಉತ್ಪಾದನೆ ನಿಂತು ಎಷ್ಟೋ ವರ್ಷ ಆಗಿದೆ. ಹೆಸರು ಉಜ್ಜಿ ಬೇರೆ ಹೆಸರು ಅಚ್ಚು ಹಾಕಿದ ನಕಲಿಗಳು ಬೇಕಾದಷ್ಟು ಓಡಾಡುತ್ತಿವೆ.

ಅಷ್ಟಾದರೂ ಹಳೆಯದೇ ಬೇಕಾ? ಸಂತೋಷ. ನಾನೂ ಅದೇ ಜಾತಿಯವನೇ. ಮಾರುವವರನ್ನು ಕೇಳಿ: ಯಾವ ಯಾವ ಕೆಪಾಸಿಟರ್ ಬದಲಾಗಿದೆ? ಬಯಾಸ್ ಎಷ್ಟು? ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ಆಫ್‌ಸೆಟ್, ಅಂದರೆ ಹಾಡಿಲ್ಲದಾಗಲೂ ಹೊರಬರುವ ಡಿಸಿ, ಎಷ್ಟು ಮಿಲಿವೋಲ್ಟ್? 50ರ ಒಳಗಿದ್ದರೆ ನೆಮ್ಮದಿ. ರಿಲೇ ಹೊಸದಾ? ಯಾವ ದೇಶದ ವೋಲ್ಟೇಜ್‌ಗೆ ಮಾಡಿದ್ದು? ಜಪಾನಿನ ಒಳಗೆ ಮಾರಲು ಮಾಡಿದ್ದು 100 ವೋಲ್ಟ್, ಅದನ್ನು ಹಾಗೇ 230ಕ್ಕೆ ಚುಚ್ಚಿದರೆ ಕಥೆ ಮುಗಿಯಿತು. ವರ್ಷಗಟ್ಟಲೆ ಮೂಲೆಯಲ್ಲಿದ್ದದ್ದನ್ನು ಮೊದಲ ಸಲ ಆನ್ ಮಾಡುವುದು ಸೀರೀಸ್ ಬಲ್ಬ್ ಹಾಕಿಯೇ, ಅಂದರೆ ಕರೆಂಟ್ ಬರುವ ದಾರಿಯಲ್ಲಿ ಒಂದು ತಂತಿ ಬಲ್ಬ್ ಸೇರಿಸಿ. ಬಲ್ಬ್ ಒಂದು ಕ್ಷಣ ಮಿಂಚಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಅಭ್ಯಾಸ ಇಲ್ಲದವರು ದಯವಿಟ್ಟು ಕೈ ಹಾಕಬೇಡಿ, ಟೆಕ್ನಿಷಿಯನ್‌ಗೆ ಕೊಡಿ.

ಇಷ್ಟಕ್ಕೂ ಉತ್ತರ ಸಿಗದಿದ್ದರೆ ಹೊಸದು ಕೊಳ್ಳಿ. ಮಾತೇ ಇಲ್ಲ.

ಮರದ ಕವಚ ಚೆನ್ನಾಗಿದೆ ಅಂತೀರಾ? ಮುಚ್ಚಳ ಬಿಚ್ಚಿ. ನೀಲಿ ದೀಪ, ಆಡುವ ಮೀಟರ್ ಮುಳ್ಳು ನೋಡಿದರೆ ಮನಸ್ಸು ತುಂಬುತ್ತದಾ? ನನಗೂ ತುಂಬುತ್ತದೆ, ಮುಚ್ಚಳ ಬಿಚ್ಚಿ! ತಾತನ ಕಾಲದ್ದು, ಮುಟ್ಟಬಾರದು ಅನ್ನುತ್ತೀರಾ? ತಾತನ ಮೇಲೆ ಪ್ರೀತಿ ಇದ್ದರೆ ಮೊದಲು ಬಿಚ್ಚಿ!

ಗಂಟಲು ಕಟ್ಟಿತು. ಫೋನೋ ಸ್ಟೇಜ್ ಖಂಡಿತ ಮುಂದಿನ ವಾರ. ಅದರ ಮರುವಾರ ಲೈವ್‌ನಲ್ಲಿ ಈ ಕಪಾಟಿನ ಮೇಲಿನ ಸಾಲಿನ ಆಂಪ್ ಬಿಚ್ಚುತ್ತೇವೆ, ನಮ್ಮ ಟೆಕ್ನಿಷಿಯನ್ ಕೂಡ ಬರುತ್ತಾರೆ. ಮೆಂಬರ್‌ಗಳ ಪ್ರಶ್ನೆ ಮೊದಲು ತೆಗೆದುಕೊಳ್ಳುತ್ತೇವೆ. ಬೆಲ್ ಬಟನ್ ಒತ್ತಿಡಿ.

ಆ ಕಾಮೆಂಟ್ ಬರೆದವರೇ, ನೀವೂ ಬನ್ನಿ. ನಿಮ್ಮ 1978ರ ರಿಸೀವರ್ ಫೋಟೋ ಕಳಿಸಿ. ಮುಂಭಾಗದ್ದು ಬೇಡ, ಅದು ಚೆನ್ನಾಗಿಯೇ ಇರುತ್ತದೆ. ಒಳಗಿನದ್ದು ಕಳಿಸಿ.