ರೇಷ್ಮೆ ಸೀಮೆಯ ಬಾವಿಗೆ ಗಪ್ಪಿ ಮೀನು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸೊಳ್ಳೆಗೆ ಔಷಧಿ ಹೊಡೆಯುವವರು ಬಂದರೆ ರೇಷ್ಮೆ ಸಾಕುವವರು ಒಳಗೆ ಬಿಡುವುದಕ್ಕೆ ಹಿಂದೆಮುಂದೆ ನೋಡುತ್ತಾರೆ. ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳು ಗಬಗಬ ಸೊಪ್ಪು ತಿನ್ನುವಾಗ ಗೋಡೆಗೆ ಹೊಡೆದ ಔಷಧಿ ತಾಗಿದರೆ ಬೆಳೆ ಕೈಬಿಟ್ಟ ಹಾಗೆಯೇ. ಸೊಳ್ಳೆಯೂ ಕೀಟ, ರೇಷ್ಮೆ ಹುಳುವೂ ಕೀಟ. ಔಷಧಿಗೆ ಏನು ಗೊತ್ತು, ಅಲ್ವಾ?

ಹಾಗಾಗಿ ಸೊಳ್ಳೆಯನ್ನು ಅದು ಹುಟ್ಟುವ ನೀರಿನಲ್ಲೇ ಹಿಡಿಯಬೇಕು. ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಯ ಹೆಸರು ಅನಾಫಿಲಿಸ್ ಕ್ಯುಲಿಸಿಫೇಸಿಸ್. ಸೊಳ್ಳೆಗಿಂತ ಹೆಸರೇ ಉದ್ದ! ಇದಕ್ಕೆ ಚರಂಡಿ ನೀರಿಗಿಂತ ತಿಳಿನೀರು ಇಷ್ಟ. ಬೋರ್‌ವೆಲ್ ಬಂದ ಮೇಲೆ ಯಾರೂ ಸೇದದ, ಯಾರೂ ಇಣುಕದ ತೆರೆದ ಬಾವಿ ಸಿಕ್ಕರಂತೂ ಕೇಳುವುದೇ ಬೇಡ.

ಒಮ್ಮೆ ಬಾವಿಯ ಅಂಚಿನ ನೀರನ್ನು ಮೆಲ್ಲಗೆ ಮೊಗೆದು ಬಿಳಿ ತಟ್ಟೆಗೆ ಸುರಿದು ನೋಡಿ. ಸ್ವಲ್ಪ ಹೊತ್ತು ಅಲ್ಲಾಡಿಸಬೇಡಿ. ತಲೆ ಕೆಳಗಾಗಿ ನೇತಾಡುವ ಸೊಳ್ಳೆ ಮರಿ ಬೇರೆ ಜಾತಿಯದು. ನೀರಿನ ಮೇಲೆ ಅಡ್ಡಡ್ಡ ಮಲಗಿದ್ದರೆ ಅದು ಅನಾಫಿಲಿಸ್. ಅದಕ್ಕೆ ಉಸಿರಾಡುವ ಉದ್ದ ಕೊಳವೆ ಇಲ್ಲ, ಅದಕ್ಕೇ ಮಟ್ಟಸವಾಗಿ ಮಲಗುತ್ತದೆ. ನಿಮ್ಮ ನೆರಳು ಬಿತ್ತೋ, ಸರಕ್ಕನೆ ತಳ ಸೇರುತ್ತದೆ.

ಹೀಗೆ ಮೇಲೆಯೇ ಮಲಗುವ ಸೊಳ್ಳೆ ಮರಿ, ಗಪ್ಪಿ ಅನ್ನುವ ಪುಟ್ಟ ಮೀನಿಗೆ ಸುಲಭದ ತುತ್ತು. ಕೋಲಾರ ಜಿಲ್ಲೆಯಲ್ಲೇ, ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ, ಮಲೇರಿಯಾ ಸಂಶೋಧಕರು ಬಾವಿಗಳಿಗೆ ಮೀನು ಬಿಟ್ಟು ನೋಡಿದರು. ಮರಿಗಳೂ ಕಡಿಮೆಯಾದವು, ಮಲೇರಿಯಾವೂ ಇಳಿಯಿತು. ರೇಷ್ಮೆಗೆ ಏನೂ ಆಗಲಿಲ್ಲ.

ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಹಾಗಾಗಿ ಒಮ್ಮೆ ನೆಲೆಯಾದರೆ ತಾನಾಗಿಯೇ ಜಾಸ್ತಿಯಾಗುತ್ತದೆ. ಬಾವಿ ಬತ್ತಿ ಮತ್ತೆ ತುಂಬಿದರೆ ಮಾತ್ರ ಹೊಸದಾಗಿ ಬಿಡಬೇಕು. ತೇಲುವ ಕಸ, ಪಾಚಿ ತೆಗೆಯುತ್ತಿರಿ. ಅದರ ಸಂದಿಯಲ್ಲಿ ಅವಿತ ಸೊಳ್ಳೆ ಮರಿ, ಮೀನಿನ ಬಾಯಿಗೆ ಸಿಗುವುದಿಲ್ಲ. ಗಂಬೂಸಿಯಾ ಮೀನೂ ಇದೇ ಕೆಲಸ ಮಾಡುತ್ತದೆ, ಆದರೆ ಬೇರೆ ಮೀನುಗಳ ಮೊಟ್ಟೆ, ಮರಿಯನ್ನೂ ತಿನ್ನುತ್ತದೆ. ಸುಮ್ನೆ ತಂದು ಊರ ಕೆರೆಗೆ ಸುರಿಯಬೇಡಿ.

ಮೀನು ಎಲ್ಲಿ ಸಿಗುತ್ತದೆ ಅಂತ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಕುಡಿಯುವ ನೀರಿನ ಬಾವಿಯಾದರೆ ಅದನ್ನೂ ಮೊದಲೇ ತಿಳಿಸಿ. ಬ್ಲೀಚಿಂಗ್ ಪೌಡರ್ ಹಾಕುವ ನೀರಿನಲ್ಲಿ ಗಪ್ಪಿ ಉಳಿಯುವುದು ಕಷ್ಟ.

ನಮಸ್ಕಾರ.